ಭೀಮಗಡ ಅರಣ್ಯದಲ್ಲಿ ಚಾರಣ: ಬೆಳಗಾವಿಯಿಂದ ಹೆಮ್ಮಡಗಾ ಪ್ರಕೃತಿ ಶಿಬಿರಕ್ಕೆ ಪ್ರಯಾಣಿಸುವವರಿಗೆ ಮಾಹಿತಿ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿರುವ ಭೀಮಗಡ ಅರಣ್ಯವನ್ನು 2011ರ ಡಿಸೆಂಬರ್‌ನಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಸುಮಾರು 190 ಚದರ ಕಿ.ಮೀ. ವಿಸ್ತೀರ್ಣದ ಈ ಧಾಮವು ಗೋವಾ ರಾಜ್ಯದ ಮಹದಾಯಿ ವನ್ಯಜೀವಿ ಧಾಮದ ಗಡಿಗೆ ಹೊಂದಿಕೊಂಡಿದೆ. ಮಹದಾಯಿ ನದಿಯು ಇದೇ ಅರಣ್ಯ ಪ್ರದೇಶದಲ್ಲಿ ಉಗಮಿಸುತ್ತದೆ. ಇಲ್ಲಿನ ಬಾರಪೇಡೆ ಗುಹೆಗಳು ರಾಟನ್ನನ ಬಾವಲಿ ಎಂಬ ಅಪರೂಪದ ಪ್ರಭೇದದ ನೆಲೆಯಾಗಿದ್ದು, ದೀರ್ಘಕಾಲ ಈ ಪ್ರಭೇದವು ಜಗತ್ತಿನಲ್ಲಿ ಇಲ್ಲಿ ಮಾತ್ರ ಇದೆಯೆಂದು ತಿಳಿಯಲಾಗಿತ್ತು. ಚಾರಣಕ್ಕೆ ಬರುವ ಸಾರ್ವಜನಿಕರು ಹೊರಡುವ ಮುನ್ನ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಅನುಮತಿ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 27ನೇ ಪ್ರಕರಣದಂತೆ ಧಾಮದೊಳಗೆ ಪ್ರವೇಶವು ನಿರ್ಬಂಧಿತವಾಗಿದೆ. ಧಾಮದಲ್ಲಿ ಸ್ಥಿರಾಸ್ತಿಯ ಹಕ್ಕುಳ್ಳವರು ಹಾಗೂ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಈ ನಿರ್ಬಂಧದಿಂದ ವಿನಾಯಿತಿ ಇದೆ. ಪ್ರವಾಸ, ಛಾಯಾಗ್ರಹಣ ಹಾಗೂ ಸಂಶೋಧನೆಗಾಗಿ 28ನೇ ಪ್ರಕರಣದಡಿ ಅನುಮತಿ ನೀಡಲು ಅವಕಾಶವಿದೆ.

ಶಿಬಿರದಲ್ಲಿ ತಂಗಲು ಸ್ಥಳ ಕಾಯ್ದಿರಿಸಿದ ಮಾತ್ರಕ್ಕೆ ಚಾರಣಕ್ಕೆ ಅನುಮತಿ ದೊರೆತಂತಾಗುವುದಿಲ್ಲ. ಇವೆರಡನ್ನೂ ಪ್ರತ್ಯೇಕವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಅರಣ್ಯ ಇಲಾಖೆಯ ಅರಣ್ಯ ವಿಹಾರ ಅಂತರ್ಜಾಲ ತಾಣದಲ್ಲಿ ತೆರೆದಿರುವ ಚಾರಣ ಮಾರ್ಗಗಳಿಗೆ ಅಲ್ಲಿಯೇ ಟಿಕೆಟ್ ಪಡೆಯಬಹುದು. ತಾಣದಲ್ಲಿ ಕಾಣದ ಮಾರ್ಗದ ಬಗ್ಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಬೇಕು. ಗೋವಾ ಗಡಿಯನ್ನು ದಾಟಲು ಕರ್ನಾಟಕದಲ್ಲಿ ಪಡೆದ ಅನುಮತಿಯು ಸಾಲದು.

2. ರಸ್ತೆ ಪ್ರಯಾಣ

ಬೆಳಗಾವಿಯಿಂದ ಖಾನಾಪುರವು ಪಣಜಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 26 ಕಿ.ಮೀ. ದೂರದಲ್ಲಿದೆ. ಬಸ್ ಹಾಗೂ ರೈಲು ಸೌಲಭ್ಯವಿದೆ. ಅಲ್ಲಿಂದ ಹೆಮ್ಮಡಗಾಕ್ಕೆ ಅರಣ್ಯದ ನಡುವಿನ ರಸ್ತೆಯಲ್ಲಿ ಸಾಗಬೇಕು. ಇಂಧನ, ಔಷಧಿ, ನಗದು ಹಣ ಹಾಗೂ ಅಗತ್ಯ ದಿನಸಿಯನ್ನು ಖಾನಾಪುರ ಪಟ್ಟಣದಲ್ಲಿಯೇ ಪೂರೈಸಿಕೊಳ್ಳುವುದು ಸೂಕ್ತ. ಮುಂದೆ ಮೊಬೈಲ್ ಸಂಪರ್ಕವು ಎಲ್ಲೆಡೆ ದೊರೆಯುವುದಿಲ್ಲವಾದ್ದರಿಂದ ಟಿಕೆಟ್ ಮತ್ತು ಅನುಮತಿ ಪತ್ರದ ಮುದ್ರಿತ ಪ್ರತಿಯನ್ನು ಗುರುತಿನ ಚೀಟಿಯೊಂದಿಗೆ ಇಟ್ಟುಕೊಳ್ಳಬೇಕು.

ಮಳೆಗಾಲದಲ್ಲಿ ಖಾನಾಪುರ–ಹೆಮ್ಮಡಗಾ ರಸ್ತೆಯ ಹಾಲತ್ರಿ ಹಳ್ಳದ ಸೇತುವೆಯ ಮೇಲೆ ನೀರು ಹರಿದು ಸಂಚಾರ ಸ್ಥಗಿತಗೊಳ್ಳುವುದುಂಟು. ಸೇತುವೆ ಮುಳುಗಿರುವಾಗ ವಾಹನದಲ್ಲಾಗಲಿ ಕಾಲ್ನಡಿಗೆಯಲ್ಲಾಗಲಿ ದಾಟಬಾರದು. ನೀರು ಇಳಿಯುವವರೆಗೆ ಖಾನಾಪುರದಲ್ಲಿಯೇ ಉಳಿಯುವುದು ಕ್ಷೇಮ. ವನ್ಯಪ್ರಾಣಿಗಳು ರಸ್ತೆ ದಾಟುವುದರಿಂದ ನಿಧಾನವಾಗಿ ಚಲಿಸಿ, ಸೂರ್ಯಾಸ್ತಕ್ಕೆ ಮುನ್ನ ಶಿಬಿರ ತಲುಪುವಂತೆ ಹೊರಡಬೇಕು.

3. ಚಾರಣದ ಹಿಂದಿನ ರಾತ್ರಿ

ತಂಡದ ಸದಸ್ಯರ ಹೆಸರು, ಮಾರ್ಗ ಹಾಗೂ ಹಿಂದಿರುಗುವ ವೇಳೆಯನ್ನು ಶಿಬಿರದ ಸಿಬ್ಬಂದಿಗೂ ಮನೆಯವರಿಗೂ ತಿಳಿಸಿರಬೇಕು. ಕಾಡಿನಲ್ಲಿ ತಂಡವು ದಾರಿ ತಪ್ಪಿದಲ್ಲಿ ಹುಡುಕಾಟವು ಈ ಮಾಹಿತಿಯಿಂದಲೇ ಆರಂಭವಾಗುತ್ತದೆ. ಕುಡಿಯುವ ನೀರು, ಟಾರ್ಚ್, ಪ್ರಥಮ ಚಿಕಿತ್ಸಾ ಪೆಟ್ಟಿಗೆಗಳನ್ನು ಬೆನ್ನುಚೀಲದಲ್ಲಿ ಸಿದ್ಧಪಡಿಸಿಕೊಳ್ಳಬೇಕು. ಉಣ್ಣೆ ಹಾಗೂ ಜಿಗಣೆಗಳಿಂದ ರಕ್ಷಣೆಗೆ ಉದ್ದ ತೋಳಿನ ಉಡುಪು ಮತ್ತು ಕಾಲುಚೀಲ ಅವಶ್ಯಕ.

4. ನಿಷೇಧಗಳು

- ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು ಅಥವಾ ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದು (ಪ್ರಕರಣ 30)
- ಅನುಮತಿಯಿಲ್ಲದೆ ಆಯುಧ ಒಯ್ಯುವುದು (ಪ್ರಕರಣ 31)
- ಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು (ಪ್ರಕರಣ 27)

ಬಾವಲಿಗಳ ಗುಹೆಯ ಸಮೀಪ ಹೋಗಬಾರದು. ಬೆಳಕು ಮತ್ತು ಸದ್ದಿಗೆ ಬೆದರಿದ ಬಾವಲಿಗಳು ನೆಲೆಯನ್ನೇ ತೊರೆಯುವ ಸಂಭವವಿದೆ. ಅರಣ್ಯದೊಳಗಿನ ಗ್ರಾಮಗಳಲ್ಲಿ ನಿವಾಸಿಗಳ ಒಪ್ಪಿಗೆಯಿಲ್ಲದೆ ಛಾಯಾಚಿತ್ರ ತೆಗೆಯಬಾರದು.

5. ನೆರವು

ತುರ್ತು ಸಂದರ್ಭದಲ್ಲಿ 112ಕ್ಕೆ, ಅರಣ್ಯ ಸಂಬಂಧಿ ದೂರುಗಳಿಗೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಹಾವು ಕಡಿತವಾದಲ್ಲಿ ಕಡಿದ ಭಾಗವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ವ್ಯಕ್ತಿಯನ್ನು ಅಲುಗಾಡದಂತೆ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು. ಸಾರ್ವಜನಿಕರು ಸಹಕರಿಸಲು ಕೋರಲಾಗಿದೆ.