ಧೂಮಪಾಕದ ಒಲೆ ಮತ್ತು ತುಕ್ಕಿನ ಲೆಕ್ಕ

ಯಂತ್ರೋಪಕರಣಗಳ ಸವಕಳಿಯನ್ನು ಲೆಕ್ಕಪುಸ್ತಕದಲ್ಲಿ ವರ್ಷಕ್ಕೊಮ್ಮೆ ನಮೂದಿಸಲಾಗುತ್ತದೆ. ತುಕ್ಕು ಮಾತ್ರ ಮಾರ್ಚ್ 31ರವರೆಗೆ ಕಾಯುವುದಿಲ್ಲ. ಅದು ಪ್ರತಿರಾತ್ರಿ, ಪ್ರತಿ ಮಳೆಗೆ, ಯಾವ ವೋಚರೂ ಇಲ್ಲದೆ ಆಸ್ತಿಯನ್ನು ಖರ್ಚು ಹಾಕುತ್ತಿರುತ್ತದೆ. ನೇಸ್ ಇಂಟರ್‌ನ್ಯಾಷನಲ್ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಲೋಹಕ್ಷಯದಿಂದ ಜಗತ್ತಿಗೆ ಉಂಟಾಗುವ ವಾರ್ಷಿಕ ನಷ್ಟ ಸುಮಾರು 2.5 ಲಕ್ಷ ಕೋಟಿ ಡಾಲರ್. ಅಂದರೆ 2013ರ ಜಾಗತಿಕ ಉತ್ಪನ್ನದ ಶೇ. 3.4ರಷ್ಟು. ಈಗಾಗಲೇ ತಿಳಿದಿರುವ ಕ್ರಮಗಳನ್ನು ಅನುಸರಿಸಿದರೆ ಇದರಲ್ಲಿ ಶೇ. 15ರಿಂದ 35ರಷ್ಟನ್ನು ಉಳಿಸಬಹುದೆಂಬುದು ಅದೇ ಅಧ್ಯಯನದ ಅಭಿಮತ.

ಇಂತಹ ಬೃಹತ್ ಅಂಕಿಗಳು ಸೇತುವೆ, ಹಡಗು, ತೈಲ ಕೊಳವೆಗಳ ಚಿತ್ರವನ್ನು ಕಣ್ಣಮುಂದೆ ತರುತ್ತವೆ. ಆದರೆ ಸಣ್ಣ ಉದ್ಯಮಿಯ ಅಡುಗೆಮನೆಯ ಹಿತ್ತಲಿನಲ್ಲಿ ನಿಂತಿರುವ ಒಂದು ಉಕ್ಕಿನ ಒಲೆಯೂ ಇದೇ ನಷ್ಟದ ಪಾಲುದಾರನಾಗಿರುತ್ತದೆ. ಬಾರ್ಬೆಕ್ಯೂ ಸ್ಮೋಕರ್ ಎಂದು ಕರೆಯಲಾಗುವ ಧೂಮಪಾಕದ ಒಲೆ ಇದಕ್ಕೆ ಉತ್ತಮ ನಿದರ್ಶನ. ಬೆಂಕಿ, ಹೊಗೆ, ಬೂದಿ, ಉಪ್ಪು, ಕೊಬ್ಬು, ಮಳೆ ಇವೆಲ್ಲವೂ ಒಂದೇ ಉಪಕರಣದ ಮೇಲೆ ದಾಳಿ ಮಾಡುವ ಸಂದರ್ಭಗಳು ವಿರಳ.

ಒಲೆಯ ಹಿನ್ನೆಲೆ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಧೂಮಪಾಕವು ಒಂದು ವ್ಯಾಪಾರ ಪರಂಪರೆ. ಲಾಕ್‌ಹಾರ್ಟ್ ಪಟ್ಟಣದ ಕ್ರಾಯ್ಟ್ಸ್ ಮಾರ್ಕೆಟ್ 1900ರಲ್ಲಿ ಆರಂಭವಾದದ್ದು. ಇಂತಹ ಹಳೆಯ ಅಂಗಡಿಗಳಲ್ಲಿ ಇಟ್ಟಿಗೆಯ ಒಲೆಗಳೇ ರೂಢಿಯಲ್ಲಿದ್ದವು. ಇಟ್ಟಿಗೆಗೆ ತುಕ್ಕಿನ ಭಯವಿಲ್ಲ. ತೈಲೋದ್ಯಮ ಬೆಳೆದ ಪ್ರದೇಶಗಳಲ್ಲಿ ದಪ್ಪನೆಯ ಉಕ್ಕಿನ ಕೊಳವೆಗಳು ಸುಲಭವಾಗಿ ದೊರೆಯುತ್ತಿದ್ದುದರಿಂದ, ಅವನ್ನು ಕತ್ತರಿಸಿ ಬೆಸುಗೆ ಹಾಕಿ ಒಲೆ ಮಾಡುವ ಪದ್ಧತಿ ಬೆಳೆಯಿತು. ಒಂದು ಬದಿಯಲ್ಲಿ ಕಟ್ಟಿಗೆ ಉರಿಯುವ ಬೆಂಕಿಪೆಟ್ಟಿಗೆ, ಅದಕ್ಕೆ ಹೊಂದಿಕೊಂಡು ಆಹಾರವಿಡುವ ಉದ್ದನೆಯ ಕೋಷ್ಠ, ತುದಿಯಲ್ಲಿ ಹೊಗೆಕೊಳವೆ: ಇದು ಅದರ ರಚನೆ. ಕೋಷ್ಠದ ಉಷ್ಣತೆ ಸಾಮಾನ್ಯವಾಗಿ 107ರಿಂದ 135 ಡಿಗ್ರಿ ಸೆಲ್ಸಿಯಸ್. ದೊಡ್ಡ ಮಾಂಸದ ತುಂಡೊಂದು ಬೇಯಲು 12 ಗಂಟೆಗಳೂ ಹಿಡಿಯುವುದುಂಟು.

ಇನ್ನೊಂದು ಧಾರೆ ಶಿಕಾಗೋದಲ್ಲಿ ಹುಟ್ಟಿತು. ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿದ್ದ ಜಾರ್ಜ್ ಸ್ಟೀಫನ್ ಎಂಬವರು 1952ರಲ್ಲಿ ನೀರಿನಲ್ಲಿ ತೇಲುವ ಉಕ್ಕಿನ ಬೋಯಿಯನ್ನು ಎರಡು ಹೋಳು ಮಾಡಿ, ಮುಚ್ಚಳವುಳ್ಳ ಒಲೆಯನ್ನು ರೂಪಿಸಿದರು. ಈ ಬಗೆಯ ಒಲೆಗಳಿಗೆ ಗಾಜಿನಂತಹ ಎನಾಮೆಲ್ ಲೇಪನವಿರುವುದರಿಂದ ಲೇಪನ ಒಡೆಯದಿರುವವರೆಗೆ ತುಕ್ಕು ಹತ್ತಿರ ಸುಳಿಯದು. ಒಡೆದ ಜಾಗದಿಂದ ಮಾತ್ರ ಅದು ಒಳಗೊಳಗೇ ಹರಡುತ್ತದೆ.

ಕರ್ನಾಟಕದಲ್ಲಿಯೂ ನಗರಗಳ ಹೋಟೆಲು, ರೆಸಾರ್ಟುಗಳು ಇಂತಹ ಒಲೆಗಳನ್ನು ಬಳಸತೊಡಗಿವೆ. ಟೆಕ್ಸಾಸಿನ ಒಣ ಹವೆಯ ಊರಿನಲ್ಲಿ ವರ್ಷಗಟ್ಟಲೆ ಬಾಳುವ ಒಲೆ, ಮಂಗಳೂರಿನ ಕಡಲತೀರದಲ್ಲಿ ಒಂದೇ ಮಳೆಗಾಲದಲ್ಲಿ ಮುಪ್ಪಾಗಬಹುದು. ಆದುದರಿಂದ ಕೊಳ್ಳುವ ಮೊದಲೇ ಪಾಲನೆಯ ವಿಚಾರ ಮಾಡುವುದು ಲೇಸು.

ಶತ್ರುಗಳು ಯಾರು?

ಕಬ್ಬಿಣ, ನೀರು ಮತ್ತು ಆಮ್ಲಜನಕ ಇವು ಮೂರೂ ಕೂಡಿದಾಗ ತುಕ್ಕು ಹುಟ್ಟುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 60ನ್ನು ಮೀರಿದರೆ ಅದರ ವೇಗ ಹೆಚ್ಚುತ್ತದೆ. ಕರಾವಳಿಯ ಗಾಳಿಯಲ್ಲಿರುವ ಉಪ್ಪಿನಂಶ ಆ ವೇಗಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ಧೂಮಪಾಕದ ಒಲೆಯಲ್ಲಿ ಇವುಗಳ ಜೊತೆಗೆ ಇನ್ನೂ ಮೂರು ವಿಶೇಷ ಶತ್ರುಗಳಿವೆ.

ಮೊದಲನೆಯದು ಹೊಗೆ. ಕಟ್ಟಿಗೆಯ ಹೊಗೆಯಲ್ಲಿ ನೀರಿನ ಆವಿಯೊಡನೆ ಅಸಿಟಿಕ್ ಆಮ್ಲ, ಅಂದರೆ ವಿನಿಗರ್‌ನ ಹುಳಿಗೆ ಕಾರಣವಾದ ಆಮ್ಲವೂ ಇರುತ್ತದೆ. ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯೇನೂ ಅಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸುವುದರ ಜೊತೆಗೆ ಕಟ್ಟಿಗೆಯ ಭಟ್ಟಿ ಇಳಿಸುವ ಘಟಕವೂ ಇದ್ದಿತು. ಕಟ್ಟಿಗೆಯಿಂದ ಹೊರಡುವ ಆವಿಯನ್ನು ತಣಿಸಿ ಅಸಿಟೇಟ್, ಮರದ ಟಾರು ಮುಂತಾದವನ್ನು ಪಡೆಯಲಾಗುತ್ತಿತ್ತು. ಅಲ್ಲಿ ಆದಾಯವಾಗಿದ್ದ ವಸ್ತುವೇ ಇಲ್ಲಿ ನಷ್ಟಕ್ಕೆ ಕಾರಣ. ಒಲೆ ತಣ್ಣಗಾದಾಗ ಈ ಆಮ್ಲಯುಕ್ತ ಆವಿ ಮುಚ್ಚಳದ ಒಳಮೈ ಹಾಗೂ ಹೊಗೆಕೊಳವೆಯಲ್ಲಿ ಹನಿಗಟ್ಟಿ ಉಕ್ಕನ್ನು ಕೊರೆಯುತ್ತದೆ.

ಎರಡನೆಯದು ಬೂದಿ. ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಿಂದಿನ ಕಾಲದ ಗೃಹಿಣಿಯರು ಜಿಡ್ಡಿನ ಪಾತ್ರೆಗಳನ್ನು ಬೂದಿಯಿಂದ ಬೆಳಗುತ್ತಿದ್ದುದು ಅದರ ಕ್ಷಾರಗುಣದಿಂದಾಗಿಯೇ. ಅದೇ ಕ್ಷಾರವು ಒಲೆಯ ರಕ್ಷಣೆಗಾಗಿ ಹಚ್ಚಿದ ಎಣ್ಣೆಯ ಪದರವನ್ನೂ ಸಾಬೂನಿನಂತೆ ಕರಗಿಸಿ ಕಬ್ಬಿಣವನ್ನು ಬರಿಮೈ ಮಾಡುತ್ತದೆ. ಬಳಿಕ ಒದ್ದೆ ಬೂದಿಯ ಮುದ್ದೆ ತಗಡಿಗೆ ಅಂಟಿಕೊಂಡು, ತೇವವನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಇಂತಹ ಒಲೆಗಳಲ್ಲಿ ಮೊದಲು ತೂತಾಗುವುದು ಬೆಂಕಿಪೆಟ್ಟಿಗೆಯ ತಳವೇ ಎಂಬುದಕ್ಕೆ ಇದೇ ಕಾರಣ.

ಮೂರನೆಯದು ಶಾಖ. ಬೆಂಕಿಪೆಟ್ಟಿಗೆಯ ಹೊರಮೈ ಬಣ್ಣವು ಅತಿಯಾದ ಶಾಖಕ್ಕೆ ಸುಲಿದುಹೋಗುತ್ತದೆ. ಸುಮಾರು 650 ಡಿಗ್ರಿ ಸೆಲ್ಸಿಯಸ್ ತಡೆಯಬಲ್ಲ ಬಣ್ಣವನ್ನು ಬಳಿದಿದ್ದರೂ ಕಾಲಕಾಲಕ್ಕೆ ಅದನ್ನು ನವೀಕರಿಸುವುದು ಅನಿವಾರ್ಯ.

ಖರೀದಿಯಲ್ಲಿಯೇ ಪಾಲನೆಯ ಆರಂಭ

ಅಗ್ಗದ ಒಲೆಗಳ ತಗಡು 2 ಮಿ.ಮೀ.ಗಿಂತ ತೆಳುವಾಗಿರುವುದುಂಟು, ವೃತ್ತಿಪರರ ಒಲೆಗಳಿಗೆ ಕಾಲು ಅಂಗುಲ, ಅಂದರೆ ಸುಮಾರು 6 ಮಿ.ಮೀ. ದಪ್ಪದ ಉಕ್ಕನ್ನು ಬಳಸಲಾಗುತ್ತದೆ. ತುಕ್ಕಿಗೆ 1 ಮಿ.ಮೀ. ಆಹುತಿಯಾದರೆ ಮೊದಲನೆಯದರ ಅರ್ಧ ಬಲ ಹೋದಂತೆ. ಎರಡನೆಯದರಲ್ಲಿ ಆರನೇ ಒಂದು ಭಾಗ ಮಾತ್ರ. ಬೆಲೆಪಟ್ಟಿಯಲ್ಲಿ ಕಾಣದ ಈ ಅಂಶವನ್ನು ಕೊಳ್ಳುವವರು ಕೇಳಿ ತಿಳಿಯಬೇಕು.

ಸ್ಟೇನ್‌ಲೆಸ್ ಉಕ್ಕೆಂದರೆ ಎಂದೂ ತುಕ್ಕು ಹಿಡಿಯದು ಎಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. 304 ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. 316 ದರ್ಜೆಯಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿರುವುದರಿಂದ ಅದು ಉಪ್ಪಿನ ಕಾಟವನ್ನು ಹೆಚ್ಚು ತಾಳುತ್ತದೆ. ಕಡಲತೀರಕ್ಕೆ ಅದೇ ಯೋಗ್ಯ. ಸಾಧಾರಣ ಉಕ್ಕಿನ ನಾರಿನಿಂದ ಸ್ಟೇನ್‌ಲೆಸ್ ಮೇಲ್ಮೈಯನ್ನು ಉಜ್ಜಿದರೆ ಅಲ್ಲಿ ಸಿಕ್ಕಿಕೊಂಡ ಕಬ್ಬಿಣದ ಕಣಗಳೇ ತುಕ್ಕಿನ ಚುಕ್ಕೆಗಳಾಗುತ್ತವೆ.

ತುಕ್ಕಿಗೆ ಹೆದರಿ ಸತು ಲೇಪಿತ ತಗಡನ್ನು ಒಲೆಗೆ ಬಳಸುವುದು ಮಾತ್ರ ಅಪಾಯಕರ. ಸತು ಸುಮಾರು 420 ಡಿಗ್ರಿಗೆ ಕರಗಿ, 907 ಡಿಗ್ರಿಗೆ ಕುದಿಯುತ್ತದೆ. ಅದರ ಹೊಗೆಯನ್ನು ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ. ಬೆಸುಗೆ ಕೆಲಸದವರಿಗೆ ಈ ಕಾಯಿಲೆ ಚಿರಪರಿಚಿತ. ಸ್ಥಳೀಯ ಕಾರ್ಯಾಗಾರಗಳಲ್ಲಿ ಒಲೆ ಮಾಡಿಸುವವರು ಈ ಷರತ್ತನ್ನು ಆದೇಶಪತ್ರದಲ್ಲಿಯೇ ಬರೆಯುವುದು ಉಚಿತ.

ಪಾಲನೆಯ ಕ್ರಮ

ಹೊಸ ಒಲೆಯನ್ನು ಮೊದಲು ತೊಳೆದು ಒಣಗಿಸಿ, ಒಳಮೈಗೆ ಅಡುಗೆ ಎಣ್ಣೆಯನ್ನು ಅತ್ಯಂತ ತೆಳುವಾಗಿ ಸವರಿ, ಎರಡು ಮೂರು ಗಂಟೆ ಸುಮಾರು 130 ಡಿಗ್ರಿಯಲ್ಲಿ ಬರಿದೇ ಉರಿಸಬೇಕು. ಎಣ್ಣೆ ಗಟ್ಟಿಯಾಗಿ ಕಪ್ಪು ಪದರವಾಗುತ್ತದೆ. ದೋಸೆಯ ಕಬ್ಬಿಣದ ಕಾವಲಿಯನ್ನು ಪಳಗಿಸುವ ವಿಧಾನವೂ ಇದೇ ತಾನೆ! ಎಣ್ಣೆ ಹೆಚ್ಚಾದರೆ ಅಂಟಾಗುತ್ತದೆ. ಒಳಮೈಗೆ ಬಣ್ಣ ಬಳಿಯುವುದು ಸರ್ವಥಾ ಸಲ್ಲದು.

ಪ್ರತಿ ಬಳಕೆಯ ನಂತರ: ಬೆಂಕಿಯನ್ನು ನೀರು ಸುರಿದು ಆರಿಸಬಾರದು. ಕಾದ ಉಕ್ಕು ಸೊಟ್ಟಗಾಗುವುದಲ್ಲದೆ ಬೂದಿ ಕೆಸರಾಗಿ ಉಳಿಯುತ್ತದೆ. ಗಾಳಿಕಿಂಡಿಗಳನ್ನು ಮುಚ್ಚಿದರೆ ಕೆಂಡ ತಾನಾಗಿಯೇ ಆರುತ್ತದೆ. ಪೂರ್ಣ ತಣಿದ ಬಳಿಕ, ಮರುದಿನವೇ, ಬೂದಿಯನ್ನು ಲೋಹದ ಡಬ್ಬಿಗೆ ತೆಗೆಯಬೇಕು. ನೀರಿನ ತಟ್ಟೆ ಮತ್ತು ಕೊಬ್ಬು ಸಂಗ್ರಹವಾಗುವ ಪಾತ್ರೆಯನ್ನು ಬರಿದು ಮಾಡಬೇಕು. ಬೆಂಕಿಪೆಟ್ಟಿಗೆಯ ಹೊರಮೈ ಇನ್ನೂ ಬೆಚ್ಚಗಿರುವಾಗ ಎಣ್ಣೆಬಟ್ಟೆಯಿಂದ ಒಮ್ಮೆ ಒರೆಸಬೇಕು.

ತಿಂಗಳಿಗೊಮ್ಮೆ: ಒಳಗೋಡೆಯ ಕೊಬ್ಬಿನ ದಪ್ಪ ಪದರವನ್ನು ಹೆರೆಯಬೇಕು. ತೆಳುವಾದ ಕಪ್ಪು ಪದರ ರಕ್ಷಕ. ಜೋತುಬಿದ್ದ ಕೊಬ್ಬು ಬೆಂಕಿ ಅನಾಹುತಕ್ಕೆ ಆಹ್ವಾನ. ಉಜ್ಜಲು ತಂತಿ ಬ್ರಷ್ ಬಳಸುವವರು ಎಚ್ಚರ ವಹಿಸಬೇಕು. ಬ್ರಷ್‌ನಿಂದ ಕಳಚಿದ ತಂತಿ ಆಹಾರದೊಡನೆ ಹೊಟ್ಟೆ ಸೇರಿದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲಿ ವರದಿ ಮಾಡಿತ್ತು. ಹೆರೆಯುವ ಅಲಗು ಹೆಚ್ಚು ಸುರಕ್ಷಿತ.

ಮಳೆಗಾಲಕ್ಕೆ ಮೊದಲು: ಹೊರಮೈಯ ತುಕ್ಕನ್ನು ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಜಿಡ್ಡು ತೆಗೆದು, ಶಾಖನಿರೋಧಕ ಬಣ್ಣವನ್ನು ತೆಳುವಾಗಿ ಎರಡು ಸಲ ಬಳಿದು, ನಿಧಾನವಾಗಿ ಕಾಯಿಸಿ ಹದಗೊಳಿಸಬೇಕು. ತುಕ್ಕಿನ ಮೇಲೆಯೇ ಬಣ್ಣ ಬಳಿಯುವುದು ಸಾಲವನ್ನು ಬ್ಯಾಲೆನ್ಸ್ ಷೀಟಿನಿಂದ ಮರೆಮಾಚಿದಂತೆ. ಒಂದಲ್ಲ ಒಂದು ದಿನ ಅದು ಹೊರಬಂದೇ ತೀರುತ್ತದೆ. ಒಲೆಯನ್ನು ಚಾವಣಿಯಡಿ, ನೆಲಕ್ಕೆ ತಾಗದಂತೆ ಇರಿಸಬೇಕು. ಬಿಸಿ ಆರುವ ಮುನ್ನ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಒಳಗೇ ಸೆರೆಯಾಗಿ, ಹೊದಿಕೆಯೇ ತುಕ್ಕಿನ ತವರಾಗುತ್ತದೆ. ಮರದ ಗುಳಿಗೆಗಳಿಂದ ಉರಿಯುವ ಒಲೆಯಾದರೆ ಗುಳಿಗೆಗಳನ್ನೂ ಹೊರತೆಗೆಯಬೇಕು. ತೇವ ಹೀರಿ ಉಬ್ಬಿ ಪುಡಿಯಾದ ಗುಳಿಗೆ ತಿರುಪು ಯಂತ್ರವನ್ನೇ ಕಚ್ಚಿ ನಿಲ್ಲಿಸುತ್ತದೆ.

ತಗಡಿನ ಸ್ಥಿತಿಯನ್ನು ಅರಿಯಲು ಸಣ್ಣ ಸುತ್ತಿಗೆ ಸಾಕು. ಗಟ್ಟಿ ಉಕ್ಕು ಕಣಕಣಿಸುತ್ತದೆ. ತಿಂದುಹೋದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಆ ಹಂತದಲ್ಲಿ ತೇಪೆ ಬೆಸುಗೆ ಹಾಕಿಸಿದರೆ ಒಲೆ ಉಳಿಯುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವ ಪ್ರಮೇಯ ಬರಬಾರದು.

ಲೆಕ್ಕಪುಸ್ತಕದ ದೃಷ್ಟಿ

ಒಲೆಯೊಂದರ ಬೆಲೆ 2,00,000 ರೂ. ಎಂದಿಟ್ಟುಕೊಳ್ಳೋಣ. ಅಲಕ್ಷಿಸಿದರೆ 4 ವರ್ಷ, ಪಾಲಿಸಿದರೆ 10 ವರ್ಷ ಬಾಳುತ್ತದೆ ಎಂದೂ, ಪಾಲನೆಗೆ ಕೂಲಿ, ಎಣ್ಣೆ, ಬಣ್ಣ ಸೇರಿ ವರ್ಷಕ್ಕೆ 12,000 ರೂ. ತಗಲುತ್ತದೆ ಎಂದೂ ಭಾವಿಸೋಣ. ಅಲಕ್ಷಿತ ಒಲೆಯ ವಾರ್ಷಿಕ ಹೊರೆ 50,000 ರೂ. ಪಾಲಿತ ಒಲೆಯದು 20,000 ರೂ. ಸವಕಳಿ ಮತ್ತು 12,000 ರೂ. ನಿರ್ವಹಣೆ, ಒಟ್ಟು 32,000 ರೂ. ಹತ್ತು ವರ್ಷಗಳಲ್ಲಿ ಉಳಿತಾಯ 1,80,000 ರೂ., ಅಂದರೆ ಹೆಚ್ಚುಕಡಿಮೆ ಇನ್ನೊಂದು ಒಲೆಯ ಬೆಲೆ. ಭಾನುವಾರದ ಜನಸಂದಣಿಯಲ್ಲಿ ಒಲೆ ಕೈಕೊಟ್ಟರೆ ಆಗುವ ವ್ಯಾಪಾರ ನಷ್ಟ ಈ ಲೆಕ್ಕದಲ್ಲಿ ಸೇರಿಲ್ಲ.

2013ರ ಕಂಪನಿ ಕಾಯಿದೆಯ ಎರಡನೇ ಅನುಸೂಚಿಯು ಸಾಮಾನ್ಯ ಯಂತ್ರೋಪಕರಣಗಳಿಗೆ 15 ವರ್ಷಗಳ ಉಪಯುಕ್ತ ಆಯುಷ್ಯವನ್ನು ಸೂಚಿಸುತ್ತದೆ. ಆಸ್ತಿಯ ಪ್ರಮುಖ ಭಾಗವೊಂದರ ಆಯುಷ್ಯ ಭಿನ್ನವಾಗಿದ್ದರೆ ಅದನ್ನು ಪ್ರತ್ಯೇಕವಾಗಿ ಪರಿಗಣಿಸಬೇಕೆಂಬುದು ಅದೇ ಅನುಸೂಚಿಯ ತತ್ತ್ವ. ಧೂಮಪಾಕದ ಒಲೆಯಲ್ಲಿ ಬೆಂಕಿಪೆಟ್ಟಿಗೆ ಬೇಗ ಸವೆಯುತ್ತದೆ, ಕೋಷ್ಠ ಉಳಿಯುತ್ತದೆ. ಆದುದರಿಂದ ಬೆಂಕಿಪೆಟ್ಟಿಗೆಯನ್ನು ಬಿಚ್ಚಿ ಬದಲಿಸಬಹುದಾದ ವಿನ್ಯಾಸವನ್ನು ಆರಿಸುವುದು ಲೆಕ್ಕಕ್ಕೂ ಅಡುಗೆಗೂ ಹಿತ.

ದುರಸ್ತಿ ಮತ್ತು ಹೊಸ ಆಸ್ತಿಯ ನಡುವಣ ಗೆರೆಯನ್ನೂ ಗಮನಿಸಬೇಕು. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, 1961ರ ಆದಾಯ ತೆರಿಗೆ ಕಾಯಿದೆಯ ಸಂದರ್ಭದಲ್ಲಿ, ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ವೆಚ್ಚ ಅಲ್ಲ ಎಂದು ಸ್ಪಷ್ಟಪಡಿಸಿತು. ಬಣ್ಣ, ತೇಪೆಗಳ ಬಿಲ್ಲುಗಳನ್ನು ದಿನಾಂಕಸಹಿತ ಕಡತದಲ್ಲಿಡುವುದು ಜಾಣತನ.

ಕೊನೆಯದಾಗಿ ಕಾನೂನಿನ ಬಾಧ್ಯತೆ. ಆಹಾರೋದ್ಯಮಗಳ ಪರವಾನಗಿ ಕುರಿತ 2011ರ ನಿಯಮಾವಳಿಯ ನಾಲ್ಕನೇ ಅನುಸೂಚಿಯು, ಆಹಾರಕ್ಕೆ ಬಳಸುವ ಉಪಕರಣಗಳು ತುಕ್ಕು ಹಿಡಿಯದ ವಸ್ತುವಿನದಾಗಿರಬೇಕೆಂದು ವಿಧಿಸಿದೆ. ತಿಂಗಳ ಪಾಲನೆಯ ದಿನಚರಿಯೊಂದನ್ನು ಒಲೆಯ ಪಕ್ಕದಲ್ಲಿ ತೂಗುಹಾಕಿ, ಕೆಲಸ ಮಾಡಿದವರಿಂದ ಸಹಿ ಪಡೆಯುವ ಪದ್ಧತಿ ಇದ್ದರೆ ತಪಾಸಣೆಗೆ ಬಂದವರಿಗೂ ತೋರಿಸಬಹುದು, ಮಾಲೀಕನಿಗೂ ಒಲೆಯ ನಿಜಸ್ಥಿತಿ ತಿಳಿದಿರುತ್ತದೆ. ಒಂದು ಬಟ್ಟೆ, ಒಂದು ಬಟ್ಟಲು ಎಣ್ಣೆ, ಬಳಕೆಯ ಮರುದಿನದ ಕಾಲು ಗಂಟೆ: ಈ ವೆಚ್ಚವನ್ನು ಭರಿಸಲಾರದ ಉದ್ಯಮವಿಲ್ಲ.