ಟೈರ್ ಮೇಲಿನ ನಾಲ್ಕು ಅಂಕಿ ಎಕ್ಸ್‌ಪೈರಿ ಡೇಟಾ?

ಟೈರ್ ಮೇಲಿನ ನಾಲ್ಕು ಅಂಕಿಗಳೇ ಅದರ ಎಕ್ಸ್‌ಪೈರಿ ಡೇಟ್ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಅದು ತಪ್ಪು. ಲಾಂಗ್ ರೈಡ್‌ಗೆ ಮುನ್ನ ಬೈಕಿನ ಹಿಂದಿನ ಟೈರ್ ಬದಲಿಸುವವರು ಇದನ್ನು ತಿಳಿದಿರಲೇಬೇಕು.

ಆ ಅಂಕಿಗಳು ಹೇಳುವುದು ಟೈರ್ ತಯಾರಾದ ಸಮಯವನ್ನು. ಮೊದಲೆರಡು ವಾರ, ಕೊನೆಯೆರಡು ವರ್ಷ. 1423 ಎಂದರೆ 2023ರ 14ನೇ ವಾರ, ಅಂದರೆ ಏಪ್ರಿಲ್ ಆರಂಭ. ತಪ್ಪಾಗಿ ಓದಿದರೆ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರ್ ಕೂಡ ಹೊಸದೆಂದು ನಿಮ್ಮ ಕೈಸೇರಬಹುದು.

ಹಾಗಾದರೆ ಬದಲಿಸುವುದು ಯಾವಾಗ?

ಎಂಜಿನ್ ಶಕ್ತಿ ರಸ್ತೆಗೆ ತಲುಪುವುದು ಹಿಂದಿನ ಚಕ್ರದಿಂದ. ಲಗೇಜು, ಹಿಂಬದಿ ಸವಾರರ ಭಾರವೂ ಹೆಚ್ಚಾಗಿ ಅದರ ಮೇಲೆಯೇ. ಹೆದ್ದಾರಿಯಲ್ಲಿ ನೇರವಾಗಿ ಓಡಿ ಓಡಿ ನಡುಭಾಗ ಮೊದಲು ಸವೆಯುತ್ತದೆ. ಆದ್ದರಿಂದ ಅಂಚನ್ನಲ್ಲ, ನಡುಭಾಗವನ್ನು ನೋಡಿ. ಗೆರೆಗಳ ಒಳಗಿರುವ ಪುಟ್ಟ ಉಬ್ಬುಗಳ ಮಟ್ಟಕ್ಕೆ ಬಟನ್ ಸವೆದಿದ್ದರೆ ಟೈರ್ ಮುಗಿದಂತೆ. ಅಂಥ ಟೈರ್ ಮಳೆಯಲ್ಲಿ ನೀರನ್ನು ಸರಿಯಾಗಿ ಹೊರದೂಡದೆ ಜಾರುತ್ತದೆ. ಬಟನ್ ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು, ಉಬ್ಬು ಕಂಡರೆ ಬದಲಿಸಿ.

ಹೊಸ ಟೈರ್ ಹಾಕಿಸುವಾಗ ಅದರ ಮೇಲಿನ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿನಲ್ಲಿದೆಯೇ ನೋಡಿ. ಹೊಸ ರಬ್ಬರ್ ನುಣುಪಾಗಿರುವುದರಿಂದ ಮೊದಲ ನೂರು ಕಿ.ಮೀ. ನಿಧಾನವಾಗಿ ಓಡಿಸಿ.

ಆ ಸಂದೇಶ ಮತ್ತೆ ಬಂದರೆ ಈ ಮಾಹಿತಿಯನ್ನೇ ಫಾರ್ವರ್ಡ್ ಮಾಡಿ.