ಪುಟ ಯಾರಿಗಾಗಿ?

ಪುಸ್ತಕವೊಂದನ್ನು ಓದುವಾಗ ನಮ್ಮ ಗಮನವೆಲ್ಲ ಅದರ ವಿಷಯದ ಮೇಲಿರುತ್ತದೆ. ಅಕ್ಷರದ ಗಾತ್ರವೆಷ್ಟು, ಸಾಲುಗಳ ನಡುವೆ ಎಷ್ಟು ಅಂತರವಿದೆ, ಅಂಚಿನಲ್ಲಿ ಎಷ್ಟು ಜಾಗ ಬಿಡಲಾಗಿದೆ ಎಂಬುದನ್ನು ಯಾರೂ ಅಳೆದು ನೋಡುವುದಿಲ್ಲ. ಆದರೆ ಇವನ್ನೆಲ್ಲ ಮೊದಲೇ ಅಳೆದು ಗೊತ್ತುಪಡಿಸಿದವನು ಒಬ್ಬನಿರುತ್ತಾನೆ. ಆತನೇ ವಿನ್ಯಾಸಕಾರ. ಕನ್ನಡದ ಪುಟವನ್ನೇ ನೋಡಬಹುದು. ಹೆಚ್ಚು ವಿಷಯವನ್ನು ತುಂಬುವ ಆಸೆಯಿಂದ ಹೊಸಬನೊಬ್ಬನು ಸಾಲುಗಳನ್ನು ಒತ್ತೊತ್ತಾಗಿ ಇರಿಸಿದರೆ, ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಗಲುತ್ತವೆ. ಓದುವ ಕಣ್ಣು ಎಡವುತ್ತದೆ. ಇಂಥ ತಪ್ಪು ಅಚ್ಚಾದೊಡನೆ ಕಾಣುತ್ತದೆ, ತಿದ್ದುವುದೂ ಸುಲಭ. ನಂಬಿಕೆಯಲ್ಲಿಯೇ ಬೇರೂರಿದ ತಪ್ಪು ಹಾಗೆ ಕಾಣುವುದಿಲ್ಲ. ಜರ್ಮನಿಯ ಯಾನ್ ಚಿಕೋಲ್ಟನು ಅಂಥದೊಂದು ತಪ್ಪನ್ನು ಮಾಡಿದನು; ಅದನ್ನು ಕಂಡುಕೊಳ್ಳಲು ಅವನಿಗೆ ಹಲವು ವರ್ಷಗಳೇ ಬೇಕಾದವು.

ಚಿಕೋಲ್ಟನು 1902ರಲ್ಲಿ ಲೈಪ್‌ಜಿಗ್ ನಗರದಲ್ಲಿ ಜನಿಸಿದನು. ತಂದೆಯದು ಫಲಕಗಳ ಮೇಲೆ ಅಕ್ಷರ ಬರೆಯುವ ವೃತ್ತಿ. ಮಗನು ಕಲಾಶಾಲೆಯಲ್ಲಿ ಸುಂದರ ಲಿಪಿಗಾರಿಕೆಯನ್ನು ಅಭ್ಯಾಸ ಮಾಡಿದನು. 1923ರಲ್ಲಿ ವೈಮಾರ್ ನಗರದಲ್ಲಿ ಬೌಹೌಸ್ ಎಂಬ ಕಲಾಶಾಲೆಯ ಪ್ರದರ್ಶನ ನಡೆಯಿತು. ಅದನ್ನು ಕಂಡ ತರುಣನ ಮನಸ್ಸು ಒಮ್ಮೆಲೇ ಹೊಸತನದತ್ತ ತಿರುಗಿತು. ರಷ್ಯದ ಕ್ರಾಂತಿಕಾರಿ ಕಲಾವಿದರ ಮೇಲಿನ ಅಭಿಮಾನದಿಂದ ಅವನು ಕೆಲಕಾಲ ತನ್ನ ಹೆಸರನ್ನೇ ಇವಾನ್ ಎಂದು ಬದಲಿಸಿಕೊಂಡನು!

ಆಗಿನ ಜರ್ಮನ್ ಮುದ್ರಣದಲ್ಲಿ ದಟ್ಟವಾದ ಹಳೆಯ ಲಿಪಿ, ಬೇಡದ ಬಳ್ಳಿ ಹೂಗಳ ಅಲಂಕಾರ ತುಂಬಿದ್ದವು. ಅದರ ವಿರುದ್ಧ ಚಿಕೋಲ್ಟನು 1928ರಲ್ಲಿ 'ಹೊಸ ಮುದ್ರಣಕಲೆ' ಎಂಬ ಅರ್ಥದ ಶೀರ್ಷಿಕೆಯುಳ್ಳ ಪುಸ್ತಕವೊಂದನ್ನು ಪ್ರಕಟಿಸಿದನು. ಆಗ ಅವನಿಗೆ ಇಪ್ಪತ್ತಾರು ವರ್ಷ. ರೋಮನ್ ಅಕ್ಷರಗಳ ತುದಿಯಲ್ಲಿರುವ ಸಣ್ಣ ಅಡ್ಡಗೆರೆಗಳಿಗೆ ಸೆರಿಫ್ ಎಂದು ಹೆಸರು. ಸೆರಿಫ್ ಇಲ್ಲದ ಬೋಳು ಅಕ್ಷರವೇ ಹೊಸ ಯುಗಕ್ಕೆ ತಕ್ಕುದು, ಶೀರ್ಷಿಕೆಗಳನ್ನು ಪುಟದ ನಡುವೆ ಸಮವಾಗಿ ಕೂರಿಸುವುದು ಹಳತಾದ ಪದ್ಧತಿ ಎಂದು ಅವನು ವಾದಿಸಿದನು. ಅವನು ಹೇಳಿದ್ದೆಲ್ಲ ಹುಸಿಯಾಗಿರಲಿಲ್ಲ. ಕಾಗದಕ್ಕೆ ನಿಗದಿಯಾದ ಅಳತೆಗಳಿರಬೇಕೆಂದು ಅವನು ಒತ್ತಿ ಹೇಳಿದ್ದನು. ಅವನು ಬೆಂಬಲಿಸಿದ ಆ ಮಾನದಂಡದ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದದ ಹಾಳೆ ಇಂದು ನಮ್ಮಲ್ಲಿಯೂ ಬಳಕೆಯಲ್ಲಿದೆ. ತಪ್ಪಿದ್ದುದು ಬೇರೆಡೆ. ಭಿತ್ತಿಪತ್ರಕ್ಕೆ ಒಪ್ಪುವ ರೀತಿಯೇ ಕಾದಂಬರಿಗೂ ಕಾವ್ಯಕ್ಕೂ ಒಪ್ಪಬೇಕೆಂದು ಅವನು ವಿಧಿಸಿದ್ದನು. ಭಿತ್ತಿಪತ್ರವನ್ನು ದಾರಿಹೋಕನು ಕ್ಷಣಕಾಲ ನೋಡುತ್ತಾನೆ; ಪುಸ್ತಕವನ್ನಾದರೋ ಗಂಟೆಗಟ್ಟಲೆ ಓದಬೇಕು. ಈ ಸರಳ ಭೇದ ಉತ್ಸಾಹದ ಭರದಲ್ಲಿ ಮರೆತುಹೋಗಿತ್ತು.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಮ್ಯೂನಿಕ್‌ನಲ್ಲಿ ಶಿಕ್ಷಕನಾಗಿದ್ದ ಚಿಕೋಲ್ಟನನ್ನು ಅವರು ಬಂಧಿಸಿ ಕೆಲವು ವಾರ ಸೆರೆಯಲ್ಲಿಟ್ಟರು. ಬಿಡುಗಡೆಯಾದ ಬಳಿಕ ಅವನು ಪತ್ನಿ ಹಾಗೂ ಮಗುವಿನೊಡನೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವನ್ನು ಸೇರಿದನು. ಅಲ್ಲಿ ಪುಸ್ತಕಗಳನ್ನು ವಿನ್ಯಾಸಗೊಳಿಸುತ್ತ ಕ್ರಮೇಣ ಸೆರಿಫ್ ಅಕ್ಷರಗಳಿಗೂ ನಡುವೆ ಕೂರಿಸಿದ ಶೀರ್ಷಿಕೆಗಳಿಗೂ ಮರಳಿದನು. ಹಳೆಯ ಸಂಗಡಿಗರಿಗೆ ಇದು ದ್ರೋಹವೆನಿಸಿತು. 1946ರಲ್ಲಿ ಮ್ಯಾಕ್ಸ್ ಬಿಲ್ ಎಂಬ ಸ್ವಿಸ್ ಕಲಾವಿದನು ಅವನನ್ನು ಕಟುವಾಗಿ ಟೀಕಿಸಿದನು. ಚಿಕೋಲ್ಟನು ಕೊಟ್ಟ ಉತ್ತರ ಮಾತ್ರ ಅಸಾಮಾನ್ಯವಾದುದು. ತಾನು ಸಾರಿದ ಹೊಸ ಮುದ್ರಣಕಲೆಯ ಅಸಹನೆಗೂ, ಎಲ್ಲವನ್ನೂ ಒಂದೇ ಕಟ್ಟಳೆಗೆ ಒಳಪಡಿಸುವ ಅದರ ಹಟಕ್ಕೂ, ಹಿಟ್ಲರನ ಆಳ್ವಿಕೆಗೆ ಎಡೆಮಾಡಿದ ಮನೋಭಾವಕ್ಕೂ ಸಾಮ್ಯವಿದೆ ಎಂದು ಅವನು ಬರೆದನು. ಹೋಲಿಕೆ ಅತಿಯಾಯಿತೆಂದು ಯಾರಾದರೂ ಹೇಳಬಹುದು. ಆದರೆ ಆ ಆಳ್ವಿಕೆಯ ಸೆರೆಯನ್ನು ಕಂಡವನೇ ತನ್ನ ಪುಸ್ತಕದ ಮೇಲೆ ಈ ಆರೋಪವನ್ನು ಹೊರಿಸಿದನೆಂಬುದನ್ನು ಮರೆಯಲಾಗದು.

ಮರುವರ್ಷ, 1947ರಲ್ಲಿ, ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನ ಸಂಸ್ಥೆ ಅವನನ್ನು ಕರೆಸಿಕೊಂಡಿತು. ಪೆಂಗ್ವಿನ್ನಿನದು ಅಗ್ಗದ ಬೆಲೆಯ ಪುಸ್ತಕಗಳು. ಹಲವು ಮುದ್ರಣಾಲಯಗಳಲ್ಲಿ ಅಚ್ಚಾಗುತ್ತಿದ್ದವು. ಒಂದೊಂದರದು ಒಂದೊಂದು ಪದ್ಧತಿ. ಚಿಕೋಲ್ಟನು ಅಕ್ಷರ ಜೋಡಿಸುವವರಿಗಾಗಿ ಕೆಲವೇ ಪುಟಗಳ ನಿಯಮಾವಳಿಯನ್ನು ಬರೆದುಕೊಟ್ಟನು. ಅವರು ಸುಲಭವಾಗಿ ಒಪ್ಪಲಿಲ್ಲ. ರೋಮನ್ ಲಿಪಿಯ ದೊಡ್ಡಕ್ಷರಗಳಲ್ಲಿ 'ಎ' ಮತ್ತು 'ವಿ' ಅಕ್ಷರಗಳು ಓರೆಗೆರೆಯವು, 'ಎಚ್' ಮತ್ತು 'ಐ' ನೆಟ್ಟಗೆರೆಯವು. ಎಲ್ಲ ಅಕ್ಷರಗಳ ನಡುವೆಯೂ ಒಂದೇ ಅಳತೆಯ ಜಾಗ ಬಿಟ್ಟರೆ ಕೆಲವು ದೂರ ಸರಿದಂತೆಯೂ ಕೆಲವು ಅಂಟಿಕೊಂಡಂತೆಯೂ ತೋರುತ್ತವೆ. ಆದುದರಿಂದ ಅಂತರವನ್ನು ಅಳತೆಪಟ್ಟಿಯಿಂದಲ್ಲ, ಕಣ್ಣಿನಿಂದ ಸರಿಗೊಳಿಸಬೇಕು. ಇದನ್ನು ಹೇಳಿ ಹೇಳಿ ಬೇಸತ್ತ ಅವನು ಕೊನೆಗೆ ಆ ಸೂಚನೆಯದೇ ಒಂದು ರಬ್ಬರ್ ಮುದ್ರೆಯನ್ನು ಮಾಡಿಸಿ ಕರಡು ಹಾಳೆಗಳ ಮೇಲೆ ಒತ್ತಿ ಕಳುಹಿಸತೊಡಗಿದನು.

1949ರ ಕೊನೆಗೆ ಅವನು ಸ್ವಿಟ್ಜರ್ಲೆಂಡಿಗೆ ಹಿಂದಿರುಗಿದನು. ಅಷ್ಟರಲ್ಲಿ ಐದುನೂರಕ್ಕೂ ಹೆಚ್ಚು ಪುಸ್ತಕಗಳ ಪುಟಗಳು ಅವನ ಕೈಯಲ್ಲಿ ಹದಗೊಂಡಿದ್ದವು. 1967ರಲ್ಲಿ ಅವನು ರೂಪಿಸಿದ 'ಸಬಾನ್' ಎಂಬ ಅಕ್ಷರಮಾದರಿ ಹೊರಬಂದಿತು. ಹದಿನಾರನೆಯ ಶತಮಾನದ ಫ್ರೆಂಚ್ ಅಕ್ಷರಗಳನ್ನು ಆಧರಿಸಿದ ಅದಕ್ಕೆ ಸೆರಿಫ್‌ಗಳಿವೆ. ಇಂದಿಗೂ ಅದನ್ನು ಪುಸ್ತಕಗಳಲ್ಲಿ ಬಳಸುತ್ತಾರೆ. ಓದುವವರು ಅದರ ಹೆಸರನ್ನು ಕೇಳುವುದಿಲ್ಲ.